ಜರ್ಮನಿಯೋರ ಮನೆ

ನನ್ನಣ್ಣ ನಂಜಯ್ಯನಿಗೆ ಈ ಭೂಮಿಯ ಮೇಲೆ ಆಗದ ದೇಶ ಅಂತ ಒಂದಿದ್ದರೆ ಅದು ಜರ್ಮನಿ. ಅಲ್ಲಿಗೆ ಅವನು ಹೋದವನಲ್ಲ. ಅಲ್ಲಿಯವರು ಯಾರೂ ನುಗ್ಗೇಹಳ್ಳಿ ಪಕ್ಕದ ನಮ್ಮೂರಿಗೆ ಬಂದು ಅವನ ಕೊಬ್ಬರಿ ವ್ಯಾಪಾರಕ್ಕೆ ಕಲ್ಲು ಹಾಕಿದ್ದೂ ಇಲ್ಲ. ಆದರೂ ಟೀವಿಯಲ್ಲಿ ಫುಟ್‌ಬಾಲ್ ನಡೆಯುತ್ತಿದ್ದು, ಆ ದೇಶದ ಹುಡುಗರು ಮೈದಾನಕ್ಕೆ ಇಳಿದರೆ ಸಾಕು, ಅಣ್ಣ ರಿಮೋಟು ಹುಡುಕಲು ಶುರುಮಾಡುತ್ತಾನೆ.

ಇದಕ್ಕೆಲ್ಲ ಕಾರಣ ನಮ್ಮಪ್ಪ ಚೆನ್ನಯ್ಯ ಮತ್ತು ಅವರು ಕೊಂಡ ಒಂದು ನೀರೆತ್ತುವ ಎಂಜಿನ್ನು. ಅಣ್ಣ ಇನ್ನೂ ಒಂದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸಕಲೇಶಪುರದ ಕಡೆಯ ಕಾಫಿ ತೋಟದವರಿಂದ ಹಳೇ ಎಂಜಿನ್ನು ತಂದರು. ಸುತ್ತಲ ಊರುಗಳಲ್ಲಿ ಅದೇ ಮೊದಲನೆಯದು. ವಾರವಿಡೀ ಅಪ್ಪನ ಬಾಯಲ್ಲಿ ಬೇರೆ ಮಾತಿಲ್ಲ, ಜರ್ಮನಿ ಮಾಲು, ಜರ್ಮನಿ ಮಾಲು, ಕೈ ಇಟ್ಟರೆ ಸಾಕು ಮಾತಾಡ್ತದೆ. ಪೂಜೆಯ ದಿನ ಬಾವಿ ಸುತ್ತ ಊರೇ ನೆರೆಯಿತು. ಸ್ವಾಮಿಗಳು ಬಂದರು, ತೆಂಗಿನಕಾಯಿ ಒಡೆದರು. ಅಪ್ಪ ಹೊಸ ಪೇಟ ಸುತ್ತಿಕೊಂಡು ಹ್ಯಾಂಡಲ್ ತಿರುಗಿಸಿದರು. ತಿರುಗಿಸಿದರು, ತಿರುಗಿಸಿದರು, ಬೆವರು ಇಳಿಯಿತು, ಎಂಜಿನ್ನು ಕಮಕ್ ಕಿಮಕ್ ಅನ್ನಲಿಲ್ಲ. ಕೊನೆಗೆ ಹ್ಯಾಂಡಲ್ಲು ಹಿಂದಕ್ಕೆ ಒದ್ದು ಅಪ್ಪನ ಪೇಟ ಹೋಗಿ ಬಾವಿಗೆ ಬಿತ್ತು.

ಮಾರನೇ ದಿನದಿಂದ ಅಪ್ಪ ಜರ್ಮನಿ ಚೆನ್ನಯ್ಯ. ನಮ್ಮ ಬಾವಿ ಜರ್ಮನಿ ಬಾವಿ, ನಮ್ಮ ತೋಟ ಜರ್ಮನಿ ತ್ವಾಟ, ನಮ್ಮ ಹಸು ಹಳ್ಳೀಕಾರ್ ತಳಿಯದಾದರೂ ಜರ್ಮನಿ ಹಸ. ಎಂಜಿನ್ನಿಗೆ ಆಗಿದ್ದದ್ದು ಸಣ್ಣ ದೋಷ, ರಿಪೇರಿಯಾಗಿ ಆಮೇಲೆ ಎಷ್ಟೋ ವರ್ಷ ಗಡಗಡ ಓಡಿತು. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಮ್ಮೂರಿಗೆ ಆ ಮೊದಲ ದಿನವೇ ಸಾಕಾಗಿತ್ತು. ಅಣ್ಣನನ್ನು ಸ್ಕೂಲಿನಲ್ಲಿ ಜರ್ಮನಿ ಮರಿ ಅಂತ ಕೂಗಿ, ಹಿಂದಿನಿಂದ ಬಂದು ಟೋಪಿ ಕಿತ್ತು ಎಸೆಯುತ್ತಿದ್ದರು. ನನ್ನನ್ನೂ ಜರ್ಮನಿ ಮಗಳು ಅನ್ನುತ್ತಿದ್ದರು. ನನಗೆ ಅದು ಒಂದು ಚೂರೂ ತಾಗಲಿಲ್ಲ, ಇವನಿಗೆ ಹೊಟ್ಟೆಯೊಳಗೇ ಕೂತುಬಿಟ್ಟಿತು. ಅರವತ್ತು ದಾಟಿದರೂ ಎದ್ದಿಲ್ಲ.

ಕೂತಿದ್ದರೆ ಕೂತಿರಲಿ, ನನಗೇನು ಕಷ್ಟ ಅಂತ ಸುಮ್ಮನೆ ಇರುತ್ತಿದ್ದೆ. ಆದರೆ ಇವನ ಸಿಟ್ಟಿಗೆ ಪಾಪ ರುದ್ರೇಶ ಸಿಕ್ಕಿಹಾಕಿಕೊಂಡ. ರುದ್ರೇಶ ಅಣ್ಣನ ಒಬ್ಬನೇ ಮಗ, ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಲೆಕ್ಚರರ್. ವಯಸ್ಸು ಮೂವತ್ನಾಲ್ಕು. ಎರಡು ಸಂಬಂಧ ಗಂಡಿನ ಮನೆ ನೋಡಲು ಬಂದಾಗಲೇ ಮುರಿದಿದ್ದವು. ಎರಡೂ ಸಲ ಹೆಣ್ಣಿನ ಕಡೆಯ ಯಾರೋ ಊಟದ ಎಲೆ ಮುಂದೆ ಕೂತು, ‘ನಿಮಗೆ ಜರ್ಮನಿ ಅಂತ ಯಾಕೆ ಅಂತಾರೆ ಸಾ?’ ಅಂತ ನಕ್ಕರು. ಎರಡೂ ಸಲ ನನ್ನಣ್ಣ ಬಡಿಸುತ್ತಿದ್ದ ಪಾತ್ರೆ ಕುಕ್ಕಿ ಎದ್ದುಹೋದ. ಬೀಗರು ಆಗಬೇಕಾದವರು ಅರ್ಧ ಊಟಕ್ಕೇ ಕೈ ತೊಳೆದು ಕಾರು ಹತ್ತಿದರು.

ಈಗ ಬಂದದ್ದು ತೇಜಶ್ರೀ ಸಂಬಂಧ. ಅರಕಲಗೂಡಿನ ಹುಡುಗಿ, ಹೊಳೆನರಸೀಪುರದಲ್ಲಿ ಬ್ಯಾಂಕ್ ಕೆಲಸ. ಸಂಬಂಧ ಬಂದದ್ದು ಅಂತ ನಾವು ಹೇಳುವುದು, ನಿಜಕ್ಕೂ ಆ ಇಬ್ಬರೂ ಎರಡು ವರ್ಷದಿಂದ ಒಂದೇ ಬಸ್ಸಿಗೆ ಕಾದು ಕಾದು ತಾವೇ ತಂದುಕೊಂಡದ್ದು. ರುದ್ರೇಶ ಹಾಸನದ ನನ್ನ ಮನೆಗೆ ಬಂದು ಸೋಫಾದ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತ.

“ಅತ್ತೆ, ಇವಳು ಬಿಟ್ಟರೆ ನನಗೆ ಬೇರೆ ಯಾರೂ ಬೇಡ. ಭಾನುವಾರ ಅವರ ಮನೆಯವರು ಬರ್ತಾರೆ. ಅವರ ಅಜ್ಜಿ ಹ್ಞೂಂ ಅಂದರೆ ಆಯ್ತು, ಇಲ್ಲ ಅಂದರೆ ಇಲ್ಲ. ಅಪ್ಪನ್ನ ನೀವು ಹಿಡ್ಕೊಳ್ಳಿ.”

“ಹಿಡ್ಕೊಳ್ಳೋದಕ್ಕೆ ಅವನೇನು ಹೋರಿನೇನೋ?” ಅಂದೆ. ಹುಡುಗ ನಗಲಿಲ್ಲ. ಭಾನುವಾರ ಬೆಳಿಗ್ಗೆಯೇ ಚನ್ನರಾಯಪಟ್ಟಣದ ಬಸ್ಸು ಹತ್ತಿ, ಅಲ್ಲಿಂದ ನುಗ್ಗೇಹಳ್ಳಿ ದಾಟಿ ಊರಿಗೆ ಬಂದೆ.

ಸ್ಟಾಪಿನಲ್ಲಿ ಇಳಿಯುತ್ತಲೇ ಏನೋ ಬದಲಾಗಿದೆ ಅನ್ನಿಸಿತು. ಅಲ್ಲಿ ಕೆಂಪಣ್ಣನ ಹೋಟೆಲ್ಲಿದೆ. ನಾನು ಬಸ್ಸಿಳಿದಾಗಲೆಲ್ಲ ಅವನು ಒಲೆ ಮುಂದಿನಿಂದಲೇ, ‘ಏನವ್ವಾ ಜರ್ಮನಿ, ಈಗ ಬಂದ್ಯಾ?’ ಅನ್ನುವುದು ವಾಡಿಕೆ. ಈ ಸಲ ಸೌಟು ಹಿಡಿದುಕೊಂಡೇ ನಿಂತು, “ಬನ್ನಿ ನೀಲಾಂಬಿಕೆಯೋರೆ” ಅಂದ. ನನಗೆ ಗಾಬರಿಯೇ ಆಯಿತು.

“ಏನಾಯ್ತೋ ಕೆಂಪಣ್ಣ? ಹುಷಾರಿಲ್ವಾ?”

“ನಿಮ್ಮಣ್ಣ ಆಣೆ ಆಕ್ಸವ್ರೆ ಕಣವ್ವಾ. ಊರ್ಗೆಲ್ಲ ವಡೆ ಕಾಪಿ ಕೊಡ್ಸಿ, ಸಿದ್ದೇಸ್ವರನ್ ಮುಂದೆ ಆಣೆ. ಆ ಎಸ್ರು ಇವತ್ತು ಯಾರೂ ಎತ್ತಂಗಿಲ್ಲ. ಯಾರಾನ ಬಂದು ಅದ್ನ ಕೇಳುದ್ರೂ, ಅಂಗಂತ ಯಾರೂ ಇಲ್ಲ ಅನ್ಬೇಕು.” ಆಮೇಲೆ ದನಿ ತಗ್ಗಿಸಿ, “ಬೆಳಗ್ಗಿಂದ ನಾಲ್ಗೆ ಕಚ್ಕಂಡ್ ಕಚ್ಕಂಡ್ ಸಾಕಾಗೋಯ್ತು” ಅಂದ.

ಮನೆಯ ಹತ್ತಿರ ಬಂದರೆ ಗೇಟಿಗೆ ಹೊಸ ಗ್ರಾನೈಟ್ ಕಲ್ಲು, ‘ಶ್ರೀ ಸಿದ್ದೇಶ್ವರ ನಿಲಯ’ ಅಂತ ಚಿನ್ನದ ಬಣ್ಣದ ಅಕ್ಷರ. ಅಣ್ಣ ಕಲ್ಲನ್ನು ಟವಲಿನಿಂದ ಒರೆಸುತ್ತ ನಿಂತಿದ್ದ. ಅತ್ತಿಗೆ ಒಳಗೆ ಹೋಳಿಗೆ ತಟ್ಟುತ್ತಿದ್ದರು. ರುದ್ರೇಶ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹಜಾರದಲ್ಲಿ ಅಲ್ಲಿಂದಿಲ್ಲಿಗೆ ನಡೆಯುತ್ತಿದ್ದ.

ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವಳು ನಾನು. ರಿಟೈರ್ ಆದರೂ ಬಾಯಿ ರಿಟೈರ್ ಆಗಬೇಕಲ್ಲ.

“ಅಲ್ಲಣ್ಣ, ಊರಿನ ಬಾಯಿಗೇ ಬೀಗ ಹಾಕಿಸಿದ್ದೀಯಲ್ಲ, ನಿನಗೆ ತಲೆ ನೆಟ್ಟಗಿದೆಯಾ?”

“ನಾನು ನನ್ ಮನೆಗೆ ಎಸ್ರು ಇಟ್ಕಂಡಿವ್ನಿ. ಇನ್ಮೇಲೆ ಜನ ಅದ್ನೇ ಕರೀಬೇಕು.”

“ಕರೀತಾರೆ, ಕಾಯ್ತಾ ಇರು. ದೇಶ ದೇಶಗಳ ಮಾತನ್ನೇ ಯಾರೂ ಕೇಳಲ್ಲ, ನಿನ್ನ ಮಾತು ಕೇಳ್ತಾರಾ? ಜಪಾನಿನವರು ತಮ್ಮ ದೇಶವನ್ನು ನಿಪ್ಪೋನ್ ಅಂತಾರೆ. ನಾವು ಅಂತೀವಾ? ಚೀನಾದವರು ತಮ್ಮದನ್ನು ಮಧ್ಯದ ನಾಡು ಅಂತಾರೆ. ಈಜಿಪ್ಟಿನವರಿಗೆ ಅವರ ದೇಶ ಮಿಸ್ರ್. ನಮ್ಮನ್ನೇ ನೋಡು, ಸಿಂಧೂ ನದಿ ಆಚೆಯವರು ಅಂತ ಪರ್ಷಿಯಾದವರು ಹಿಂದೂ ಅಂದರು, ಗ್ರೀಕರು ಅದನ್ನು ಇನ್ನಷ್ಟು ತಿರುಚಿದರು, ಇಂಡಿಯಾ ಆಯ್ತು. ನಮ್ಮ ತಾತನ ಹತ್ರ ಯಾರಾದರೂ ಬಂದು ಒಪ್ಪಿಗೆ ಕೇಳಿದ್ದರಾ?”

“ನೀನು ಪಾಠ ಶುರು ಮಾಡ್ಬ್ಯಾಡ.”

“ನಾವೇನು ಕಮ್ಮಿಯಾ? ಎಲ್ಲಿಂದ ಬಂದದ್ದಾದರೂ ಸರಿ, ಸೀಮೆಎಣ್ಣೆ, ಸೀಮೆಹಸು, ಸೀಮೆಸುಣ್ಣ. ಇಡೀ ಪ್ರಪಂಚವನ್ನೇ ಸೀಮೆ ಅಂದು ಮುಗಿಸಿದ್ದೀವಿ. ಬಿಳಿಯರೆಲ್ಲ ನಮಗೆ ಪರಂಗಿಗಳು, ಆ ಹೆಸರನ್ನು ಒಂದು ಹಣ್ಣಿಗೂ ಕೊಟ್ಟು ಕೂತಿದ್ದೀವಿ. ಹೆಸರು ಅನ್ನೋದನ್ನ ಪಕ್ಕದ ಮನೆಯವರು ಇಡೋದಪ್ಪ. ಇನ್ನು ಆ ನಿನ್ನ ಜರ್ಮನಿ...”

ಅಣ್ಣನ ಟವಲು ನಿಂತಿತು. ನಾನು ಬಿಡಲಿಲ್ಲ, ಯಾವಾಗ ಬಿಟ್ಟಿದ್ದೀನಿ?

“ಅವರು ತಮ್ಮ ಭಾಷೆಗೂ ದೇಶಕ್ಕೂ ಇಟ್ಟುಕೊಂಡ ಹೆಸರಿಗೆ ಮೂಲದಲ್ಲಿ ‘ನಮ್ಮ ಜನದ್ದು’ ಅಂತ ಅರ್ಥ. ಎಷ್ಟು ಪ್ರೀತಿಯ ಹೆಸರು. ಆದರೆ ಒಂದು ಕಡೆಯ ನೆರೆಯವರು ಗಡಿಯ ಹತ್ತಿರ ಇದ್ದ ಯಾವುದೋ ಒಂದು ಪಂಗಡದ ಹೆಸರನ್ನೇ ಇಡೀ ದೇಶಕ್ಕೆ ಹಚ್ಚಿದರು. ಇನ್ನೊಂದು ಕಡೆಯವರು, ಪೋಲೆಂಡಿನವರು, ಏನಂತಾರೆ ಗೊತ್ತಾ? ‘ಮೂಗರು’ ಅನ್ನೋ ಅರ್ಥದಿಂದ ಬಂದ ಮಾತದು ಅಂತ ತಿಳಿದವರು ಹೇಳ್ತಾರೆ. ನಮ್ಮ ಮಾತು ಆಡೋಕೆ ಬರಲ್ಲ, ಅದಕ್ಕೇ ಮೂಗರು. ಹಾಗಂತ ಅವರೇನು ಪೋಲೆಂಡಿನವರ ಮನೆ ಮುಂದೆ ಪಾತ್ರೆ ಕುಕ್ಕಿದ್ರಾ?”

“ಅವ್ರ ಪೇಟ ಬಾವಿಗೆ ಬಿದ್ದಿರ್ನಿಲ್ಲ” ಅಂದ ಅಣ್ಣ. ಅಂದವನೇ ಒಳಗೆ ಹೋದ. ನಾನು ಹೋಳಿಗೆ ಮಗುಚಲು ಹೋದೆ.

ಹನ್ನೊಂದಕ್ಕೆ ಬರುತ್ತೇವೆ ಅಂದಿದ್ದರು. ಹನ್ನೊಂದಾಯಿತು, ಹನ್ನೆರಡಾಯಿತು, ಕಾರಿನ ಸದ್ದಿಲ್ಲ. ರುದ್ರೇಶ ತೇಜಶ್ರೀಗೆ ಮನೆಯ ಲೊಕೇಶನ್ ಕಳಿಸಿದ್ದ, ದಾರಿ ತಪ್ಪುವ ಮಾತೇ ಇಲ್ಲ. ಅಣ್ಣ ಗೇಟಿಗೂ ಹಜಾರಕ್ಕೂ ಓಡಾಡಿದ. ಅಷ್ಟರಲ್ಲಿ ರುದ್ರೇಶನ ಫೋನು ಬಡಿದುಕೊಂಡಿತು. ಅವನು ಗಾಬರಿಯಲ್ಲಿ ಸ್ಪೀಕರ್ ಒತ್ತಿದ.

“ರುದ್ರೇಶ್, ಏನ್ರೀ ಇದು?” ಅರಕಲಗೂಡಿನಿಂದ ತೇಜಶ್ರೀ ದನಿ, ಅಳುವ ಹಾಗಿತ್ತು. “ನಿಮ್ಮೂರಲ್ಲಿ ನಿಮ್ಮ ಮನೆನೇ ಇಲ್ವಂತೆ! ಎಲ್ಲರೂ ಇಲ್ಲ ಅಂದರಂತೆ. ಅಜ್ಜಿ ಸಿಟ್ಟು ಮಾಡ್ಕೊಂಡು ಗಾಡಿ ತಿರುಗಿಸು ಅಂದಿದ್ದಾರೆ. ಆಗಲೇ ನುಗ್ಗೇಹಳ್ಳಿ ಹತ್ರ ಹೋಗಿದ್ದಾರೆ.”

“ಲೊಕೇಶನ್ ಕಳಿಸಿದ್ದೆನಲ್ಲ!”

“ಅಜ್ಜಿ ಮ್ಯಾಪ್ ಆಫ್ ಮಾಡಿಸಿಬಿಟ್ಟರು. ಸಂಬಂಧ ನೋಡೋಕೆ ಹೋಗೋವಾಗ ಊರ ಬಾಗಿಲಲ್ಲಿ ಕೇಳ್ಕೊಂಡು ಹೋಗಬೇಕಂತೆ.”

ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಕಡೆ ಹಳಬರು ಹಾಗೇ. ದಾರಿ ಗೊತ್ತಿದ್ದರೂ ಬೀಗರಾಗುವವರ ಮನೆ ಎಲ್ಲಿ ಅಂತ ಹೋಟೆಲ್ಲಿನಲ್ಲಿ ಒಬ್ಬರನ್ನು, ಕಟಿಂಗ್ ಶಾಪಿನಲ್ಲಿ ಒಬ್ಬರನ್ನು, ಅರಳಿಕಟ್ಟೆಯಲ್ಲಿ ಒಬ್ಬರನ್ನು ಕೇಳುತ್ತಾರೆ. ದಾರಿ ಬರೀ ನೆಪ. ಹೆಸರು ಹೇಳಿದ ಕೂಡಲೇ ಎದುರಿನವರ ಮುಖ ಅರಳುತ್ತದೋ ಮುದುಡುತ್ತದೋ ಅನ್ನುವುದನ್ನು ನೋಡಿಕೊಂಡು, ಹೆಣ್ಣು ಕೊಡುವುದೋ ಬೇಡವೋ ಅಂತ ಅರ್ಧ ತೀರ್ಮಾನ ಅಲ್ಲೇ ಮಾಡಿಬಿಡುತ್ತಾರೆ.

“ಏನಂತ ಕೇಳಿದರಮ್ಮ?” ಅಂದೆ. ನನಗೆ ಆಗಲೇ ಅನುಮಾನ.

“ಜರ್ಮನಿಯೋರ ಮನೆ ಯಾವುದು ಅಂತ.”

ಅತ್ತಿಗೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಅಣ್ಣ ಕುರ್ಚಿಯ ಬೆನ್ನು ಹಿಡಿದುಕೊಂಡ.

ತೇಜಶ್ರೀ ತನ್ನಪ್ಪ ಶಶಿಕುಮಾರ್ ಅವರ ಫೋನನ್ನೂ ಕಾಲ್‌ಗೆ ಸೇರಿಸಿದಳು. ಅವರು ಹಲೋ ಅನ್ನುವುದರೊಳಗೆ ಅಜ್ಜಿ ಅನಸೂಯಮ್ಮ ಫೋನು ಕಿತ್ತುಕೊಂಡರು ಅಂತ ಕಾಣುತ್ತದೆ.

“ನೋಡ್ರಪ್ಪಾ, ನಾನು ಮೊಮ್ಮಗಳ್ನ ಕೊಡ್ತೀನಿ ಅಂದಿದ್ದು ಜರ್ಮನಿಯೋರ ಮನೆಗೆ. ಚೆನ್ನಯ್ಯನೋರ ಮೊಮ್ಮಗ ಅಂದ್ಲು, ಕಣ್ಮುಚ್ಕಂಡು ಊಂ ಅಂದೆ. ಇಲ್ ಬಂದು ಕೇಳುದ್ರೆ ಓಟ್ಲೋನು ಅಂಗಂತ ಯಾರೂ ಇಲ್ಲ ಅಂತಾನೆ. ಕಟಿಂಗ್ ಸಾಪಿನೋನು ಮುಖ ಆ ಕಡೆ ತಿರುಗುಸ್ತಾನೆ. ಕಟ್ಟೆ ಮೇಲಿದ್ದೋರು ಎದ್ದೇ ಓಗ್ಬುಟ್ರು. ಆ ಮನೆ ಎಸ್ರು ಕೇಳುದ್ರೆ ಊರೇ ಇಂಗಾಡ್ತದೆ ಅಂದ್ಮೇಲೆ, ಅದು ಆ ಮನೆ ಅಲ್ಲ. ಇಲ್ಲಾ ಅಂದ್ರೆ ಆ ಮನೆ ಕೆಟ್ಟೋಗೈತೆ. ಎರಡ್ರಲ್ಲಿ ಯಾವ್ದಾದ್ರೂ ನಮ್ಗೆ ಬ್ಯಾಡ.”

ರುದ್ರೇಶ ಅಪ್ಪನ ಮುಖ ನೋಡಿದ. “ಅಪ್ಪ, ಮಾತಾಡಿ” ಅಂದ. ಅಣ್ಣ ಟವಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ಆ ಒಂದು ಹೆಸರನ್ನು ತನ್ನ ಬಾಯಿಂದ ಆಡಿ ಅವನಿಗೆ ಅಭ್ಯಾಸವೇ ಇಲ್ಲ. ಅತ್ತ ಕಡೆ ಶಶಿಕುಮಾರ್, “ಗಾಡಿ ತೆಗೀಲಾ ಅಮ್ಮ?” ಅನ್ನುವುದು ಕೇಳಿಸುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

“ಹಿರಿಯರೇ, ಒಂದು ನಿಮಿಷ” ಅಂತ ಕೂಗಿದೆ. “ನಾನು ಹುಡುಗನ ಅತ್ತೆ, ನೀಲಾಂಬಿಕೆ ಅಂತ. ಅರಕಲಗೂಡಿನಲ್ಲೇ ಟೀಚರ್ ಆಗಿದ್ದೆ.”

“ನೀಲಾಂಬಿಕೆನೋ ಯಾರೋ, ನಂಗೊತ್ತಿಲ್ಲ ಕಣವ್ವ” ಅಂದರು ಅಜ್ಜಿ.

ಆಗ ತೇಜಶ್ರೀ ನಡುವೆ ಬಾಯಿ ಹಾಕಿ, “ಅಜ್ಜೀ, ಗೊತ್ತಲ್ಲಜ್ಜಿ, ಭೂಕಂಪ ಮೇಡಂ! ನಾನು ಎಂಟನೇ ಕ್ಲಾಸಲ್ಲಿ ದಿನಾ ಹೇಳ್ತಿರಲಿಲ್ವಾ?” ಅಂದಳು. ಅಂದ ಮೇಲೆ “ಅಯ್ಯೋ” ಅಂತ ಮೆತ್ತಗೆ ಒಂದು ಸದ್ದು ಬಂತು.

ಭೂಕಂಪ! ನಾನು! ಆ ಸ್ಕೂಲಿನಲ್ಲಿ ನನ್ನನ್ನು ಎಲ್ಲರೂ ಪ್ರೀತಿಯಿಂದ ನೀಲಾ ಮೇಡಂ ಅನ್ನುತ್ತಿದ್ದರು ಅಂತ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ಕೆನ್ನೆ ಬಿಸಿಯಾಯಿತು, ಇವಳನ್ನು ಈಗಲೇ ಬೆಂಚಿನ ಮೇಲೆ ನಿಲ್ಲಿಸಬೇಕು ಅನ್ನಿಸಿತು. ತಿರುಗಿ ನೋಡಿದರೆ ಅಣ್ಣ ನನ್ನನ್ನೇ ನೋಡುತ್ತಿದ್ದಾನೆ. ಬೆಳಗಿನಿಂದ ಕೊರೆದ ಪಾಠವೆಲ್ಲ ನನ್ನ ತಲೆ ಮೇಲೇ ಬಂದು ಬಿದ್ದಿತ್ತು. ನುಂಗಿಕೊಂಡೆ. ಹಾಗಲಕಾಯಿ ನುಂಗಿದ ಹಾಗಾಯಿತು, ಆದರೂ ನುಂಗಿಕೊಂಡೆ.

“ಹೌದಮ್ಮ” ಅಂದೆ. “ಭೂಕಂಪನೇ ಮಾತಾಡ್ತಿರೋದು.”

ಅಣ್ಣ ಪುಸಕ್ಕನೆ ನಕ್ಕುಬಿಟ್ಟ. ಎಷ್ಟೋ ವರ್ಷದ ಮೇಲೆ ಕೇಳಿದ ನಗು ಅದು, ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ತರಿಸಿಕೊಂಡು ನಕ್ಕ. ಆಮೇಲೆ ಟವಲಿನಿಂದ ಮುಖ ಒರೆಸಿ, ರುದ್ರೇಶನ ಕೈಯಿಂದ ಫೋನು ತೆಗೆದುಕೊಂಡ.

“ತಾಯೀ” ಅಂದ. “ನಾನು ಜರ್ಮನಿ ನಂಜಯ್ಯ ಮಾತಾಡ್ತಿವ್ನಿ. ಜರ್ಮನಿ ಚೆನ್ನಯ್ಯನ ಮಗ. ಊರೋರ್ದು ತಪ್ಪಿಲ್ಲ, ಇಲ್ಲ ಅನ್ನಿ ಅಂತ ನಾನೇ ಯೋಳಿದ್ದೆ. ನಂಗೆ ಆ ಎಸ್ರು ಅಂದ್ರೆ ನಾಚ್ಕೆ ಆಗ್ತಿತ್ತು. ದಯಮಾಡಿ ತಿರುಗಿ ಬನ್ನಿ. ನಾನೇ ಸ್ಟಾಪಲ್ಲಿ ನಿಂತಿರ್ತೀನಿ.”

ಆ ಕಡೆಯಿಂದ ಅಜ್ಜಿ, “ನಾಚ್ಕೆಯಾ?” ಅಂದರು. “ಅದ್ಯಾಕಪ್ಪ ನಾಚ್ಕೆ?” ಅಷ್ಟು ಅಂದು ಫೋನಿಟ್ಟರು. ಬರುತ್ತೇವೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಬಿಸಿಲಲ್ಲೇ ಹೊರಟ. ನಾನೂ ರುದ್ರೇಶನೂ ಹಿಂದೆ ಓಡಿದೆವು. ನಾವು ಬೀದಿಯ ತಿರುವಿನಲ್ಲಿ ಇರುವಾಗಲೇ ಬಿಳಿ ಕಾರೊಂದು ಹೋಟೆಲ್ಲಿನ ಮುಂದೆ ಬಂದು ನಿಂತಿತು. ಕಿಟಕಿಯ ಗಾಜು ಇಳಿಯಿತು. ಬೆಳ್ಳಿ ಕೂದಲಿನ ಅಜ್ಜಿ ಕತ್ತು ಹೊರಗೆ ಹಾಕಿ, ಇನ್ನೊಂದು ಸಲ ಪರೀಕ್ಷೆ ಮಾಡುವವರ ಹಾಗೆ ಜೋರಾಗಿ ಕೇಳಿದರು.

“ಏನಪ್ಪಾ, ಜರ್ಮನಿಯೋರ ಮನೆ ಎಲ್ಲಪ್ಪ?”

ಕೆಂಪಣ್ಣನಿಗೆ ಪಾಪ ಏನು ಗೊತ್ತು? ಎದೆಯುಬ್ಬಿಸಿ ನಿಂತು, “ಆಗ್ಲೇ ಯೋಳ್ನಿಲ್ವಾ ಅಜ್ಜೀ? ಅಂಗಂತ ಈ ಊರಲ್ಲಿ ಯಾರೂ ಇಲ್ಲ. ಯಾವತ್ತೂ ಇರ್ನಿಲ್ಲ” ಅಂದ.

“ಲೇ ಕೆಂಪಣ್ಣಾ!” ನನ್ನಣ್ಣ ಓಡುತ್ತಲೇ ಅರಚಿದ. ಪಂಚೆ ಒಂದು ಕೈಯಲ್ಲಿ, ಟವಲು ಇನ್ನೊಂದು ಕೈಯಲ್ಲಿ. “ನಾನೇ ಕಣ್ಲಾ ಜರ್ಮನಿ! ಯೋಳ್ಲಾ, ಜರ್ಮನಿ ಮನೆ ಇಲ್ಲೇ ಐತೆ ಅಂತ ಯೋಳ್ಲಾ!”

ಹೋಟೆಲ್ಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಕಟಿಂಗ್ ಶಾಪಿನಿಂದ ಅರ್ಧ ಗಡ್ಡದವನೊಬ್ಬ ಬಂದ. ಕೆಂಪಣ್ಣ ಅಣ್ಣನ ಮುಖವನ್ನೂ ಅಜ್ಜಿಯ ಮುಖವನ್ನೂ ನೋಡಿ, “ಆಣೆ ವಾಪಸ್ಸಾ?” ಅಂದ. “ವಾಪಸ್ಸು” ಅಂದ ಅಣ್ಣ. ಅದೊಂದು ಮಾತಿಗೆ ಕಾದಿದ್ದವರ ಹಾಗೆ ಊರಿಗೆ ಊರೇ ಜರ್ಮನಿ ಮನೆಯ ದಾರಿ ತೋರಿಸಿತು. ಕಾರಿನ ಮುಂದೆ ಹತ್ತಾರು ಜನ ನಡೆದರು. ಚೆನ್ನಯ್ಯನೋರು ಎಂಥೋರು, ನಂಜಯ್ಯ ಮೂಗಿನ ತುದೀಲಿ ಕೋಪ ಇಟ್ಕಂಡಿದ್ರೂ ಕೈ ಸುದ್ದ, ಹುಡುಗ ಬಂಗಾರ, ಅಂತ ಎರಡೂ ಕಿಟಕಿಯಿಂದ ವರದಿ ಒಪ್ಪಿಸಿದರು. ಬೆಳಗಿನಿಂದ ಕಟ್ಟಿಹಾಕಿದ್ದ ಬಾಯಿಗಳು, ಕೇಳಬೇಕೆ?

ಅಜ್ಜಿ ಗೇಟಿನ ಗ್ರಾನೈಟ್ ಕಲ್ಲಿನ ಕಡೆ ಕಣ್ಣೂ ಹಾಯಿಸಲಿಲ್ಲ. ಕೈಕಾಲು ತೊಳೆದುಕೊಳ್ಳಿ ಅಂದರೆ, “ಅದಿರ್ಲಿ, ಎಂಜಿನ್ ಎಲ್ಲೈತಪ್ಪ?” ಅಂದರು.

ಅದು ಹಿತ್ತಲಿನ ಕೊಟ್ಟಿಗೆಯಲ್ಲಿ ತೆಂಗಿನಮಟ್ಟೆಯ ರಾಶಿಯ ಕೆಳಗಿತ್ತು. ಅಣ್ಣನೂ ರುದ್ರೇಶನೂ ಒಳ್ಳೆಯ ಬಟ್ಟೆಯಲ್ಲೇ ಮಟ್ಟೆ ಎಳೆದು ಹಾಕಿದರು. ತುಕ್ಕು ಹಿಡಿದ ಮೈ ಕಾಣಿಸಿತು. ಅನಸೂಯಮ್ಮ ಹತ್ತಿರ ಹೋಗಿ ಅದರ ಚಕ್ರದ ಮೇಲೆ ಅಂಗೈ ಇಟ್ಟರು.

“ನನ್ ತೌರು ಇಲ್ಲೇ ಕೆರೆ ಆಚೆಗೆ” ಅಂದರು. “ನನ್ ಮದ್ವೆ ಮುಂಚಿನ್ ದಿನ ಎಮ್ಮೆಗರ ಬಾವಿಗೆ ಬಿದ್ಬುಡ್ತು. ಕರ ಬದುಕ್ತು, ನೀರು ಕೆಟ್ಟೋಯ್ತು. ಮಾರ್ನೆ ದಿನ ದಿಬ್ಬಣ ಬರ್ತದೆ, ಊರ್ಗೆಲ್ಲ ಇರೋದು ಅದೊಂದೇ ಬಾವಿ. ನಮ್ಮಪ್ಪ ತಲೆ ಮೇಲ್ ಕೈ ಒತ್ಕಂಡು ಕೂತ್ಬುಟ್ಟ. ಯಾರೋ ಓಗಿ ನಿಮ್ಮಪ್ಪುಂಗೆ ಯೋಳಿದ್ರು. ಗಾಡಿ ಮೇಲೆ ಈ ಎಂಜಿನ್ ಏರ್ಕಂಡು ಬಂದ್ರು. ಎಲ್ಲಾರ್ಗೂ ಅನುಮಾನ, ಇದು ಮಾತಾಡ್ತದಾ ಅಂತ. ಒಂದೇ ತಿರುಗು, ಸುರುವಾಯ್ತು. ಬಾವಿ ನೀರೆಲ್ಲ ಎತ್ತಿ ಆಚ್ಗಾಕ್ತು, ಬೆಳಗಾನ ಒಸಾ ನೀರು ಬಂದಿತ್ತು. ಆ ನೀರಲ್ಲಿ ನನ್ ಮದ್ವೆ ಅಡ್ಗೆ ಆಯ್ತು ಕಣಪ್ಪ. ನಮ್ಮೂರಲ್ಲಿ ಇವತ್ಗೂ ಒಳ್ಳೆ ಕೆಲ್ಸ ಮಾಡ್ದೋರ್ನ ನೋಡುದ್ರೆ, ಜರ್ಮನಿಯೋರ್ ತರ ಬಂದ ಅಂತೀವಿ.”

ಅಣ್ಣ ಕೈಯಲ್ಲಿದ್ದ ಮಟ್ಟೆಯನ್ನು ಕೆಳಗಿಡುವುದನ್ನೂ ಮರೆತಿದ್ದ.

“ನಮ್ಮಪ್ಪ ಎಂಜಿನ್‌ಗೆ ಏನಾರ ಕೊಡ್ತೀನಿ ಅಂದ್ರೆ ನಿಮ್ಮಪ್ಪ ಇಸ್ಕಳ್ನಿಲ್ಲ. ಏನಂದ್ರು ಗೊತ್ತಾ? ‘ಜರ್ಮನಿ ಚೆನ್ನಯ್ಯ ಬಂದ್ರು ಅಂತ ನಗ್ದೇ ಕರುದ್ರಲ್ಲ, ನಂಗೆ ಅಷ್ಟೇ ಸಾಕು’ ಅಂದ್ರು.”

“ಅಪ್ಪ ಯೋಳಕ್ ಬರ್ತಿದ್ರು” ಅಂದ ಅಣ್ಣ. “ಎಂಜಿನ್ ಅಂತ ಬಾಯ್ ತೆಗುದ್ರೆ ಸಾಕು, ನಾನು ಎದ್ದು ಓಗ್ಬುಡ್ತಿದ್ದೆ. ಕೂತು ಕೇಳ್ನೇ ಇಲ್ಲ ನೀಲಾ ನಾನು.” ನನ್ನ ಕಡೆ ತಿರುಗಿ ಚಿಕ್ಕ ಹುಡುಗನ ಹಾಗೆ ಅತ್ತ. ನನಗೂ ತಡೆಯಲಾಗಲಿಲ್ಲ. ಬೆನ್ನು ಸವರಿದೆ.

ಊಟ ಚೆನ್ನಾಗಿ ಆಯಿತು. ಬಡಿಸುವಾಗ ಶಶಿಕುಮಾರ್, “ಪೇಟ ಬಾವಿಗೆ ಬಿದ್ದಿದ್ದು ನಿಜವಾ ಸಾ?” ಅಂತ ಮೆಲ್ಲಗೆ ಕೇಳಿದರು. ರುದ್ರೇಶನ ಕೈಯಲ್ಲಿದ್ದ ತುಪ್ಪದ ಬಟ್ಟಲು ಗಾಳಿಯಲ್ಲೇ ನಿಂತಿತು. ಅಣ್ಣ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಬಿದ್ದ ಪೇಟವನ್ನು ಎತ್ತುವುದಕ್ಕೆ ಪಾತಾಳಗರಡಿ ಹಾಕಿದ ಕಥೆಯನ್ನೂ ಸೇರಿಸಿ ಹೇಳಿದ. ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಹುಡುಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಅಜ್ಜಿ ಎಲೆ ಅಡಿಕೆ ಹಾಕಿಕೊಂಡು, ಶ್ರಾವಣದಲ್ಲಿ ಲಗ್ನಪತ್ರಿಕೆ ಇಟ್ಟುಕೊಳ್ಳೋಣ ಅಂದರು. ಕಾರು ಹತ್ತುವಾಗ ಶಶಿಕುಮಾರ್ ಗೇಟಿನ ಹತ್ತಿರ ನಿಂತು, ಗ್ರಾನೈಟ್ ಕಲ್ಲನ್ನು ಓದಿದರು.

“ಆವತ್ತು ನಮ್ಮ ಕಡೆಯಿಂದ ಒಂದು ಬಸ್ಸು ಜನ ಬರ್ತಾರೆ. ಸಿದ್ದೇಶ್ವರ ನಿಲಯ ಅಂತ ಕೇಳ್ಕೊಂಡು ಬರ್ಲಿ, ಅಲ್ವಾ?”

ಅಣ್ಣ ಕಲ್ಲಿನ ಮೇಲೆ ಕೈಯಾಡಿಸಿದ. ಒಳ್ಳೆಯ ಕಲ್ಲು, ಪಾಪ.

“ಅಂಗ್ ಕೇಳುದ್ರೆ ಯಾರ್ಗೂ ಗೊತ್ತಾಗಕಿಲ್ಲ” ಅಂದ. “ಜರ್ಮನಿ ಚೆನ್ನಯ್ಯನೋರ ಮನೆ ಅನ್ನಿ.”